ಹಿತ್ತಲ ಗಿಡ

ಪ್ರವೇಶ

ಮಳೆ ಧಾರಾಳವಾಗಿ ಸುರಿಯುವ ನಾಡಿನಲ್ಲಿಯೂ ಬೇಸಗೆಯಲ್ಲಿ ಕುಡಿಯುವ ನೀರಿಗೆ ಪರದಾಡುವ ಕಾಲ ಬರುವುದುಂಟು. ಅಂತಹ ಕಾಲದಲ್ಲಿ ಮನೆಯ ಮುಂದಿನ ಕೈತೋಟಕ್ಕೆ ಎಷ್ಟು ನೀರು ಸಲ್ಲಬೇಕು, ಯಾವ ಗಿಡಗಳಿಗೆ ಅಲ್ಲಿ ಸ್ಥಾನ ದೊರೆಯಬೇಕು ಎಂಬುದು ಸಣ್ಣ ಪ್ರಶ್ನೆಯಂತೆ ಕಂಡರೂ ಸಣ್ಣದಲ್ಲ. ತನ್ನ ತಪ್ಪಿನಿಂದಲೇ ಪಾಠ ಕಲಿತ ಅಧ್ಯಾಪಕನೊಬ್ಬನ ಅನುಭವವನ್ನು ಈ ಪ್ರಬಂಧದಲ್ಲಿ ಕಾಣಬಹುದು.

ಪಾಠ

ದಕ್ಷಿಣ ಕನ್ನಡ ಜಿಲ್ಲೆಯ ಬೆಳ್ತಂಗಡಿ ತಾಲ್ಲೂಕಿನಲ್ಲಿ, ಫಲ್ಗುಣಿ ನದಿಯ ದಡದಲ್ಲಿ ವೇಣೂರು ಎಂಬ ಊರಿದೆ. ಒಂದು ಕಾಲಕ್ಕೆ ಅಜಿಲ ಅರಸರ ಆಳ್ವಿಕೆಗೆ ಒಳಪಟ್ಟಿದ್ದ ಈ ಊರನ್ನು ನಾಡಿನ ಜನ ಬಲ್ಲುದು ಅಲ್ಲಿಯ ಗೊಮ್ಮಟಮೂರ್ತಿಯಿಂದ. 1604ರಲ್ಲಿ ವೀರ ತಿಮ್ಮಣ್ಣ ಅಜಿಲನು ಪ್ರತಿಷ್ಠಾಪಿಸಿದ, ಸುಮಾರು 35 ಅಡಿ ಎತ್ತರದ ಆ ಏಕಶಿಲಾಮೂರ್ತಿಯು ನಾಲ್ಕು ಶತಮಾನಗಳಿಗೂ ಮಿಕ್ಕಿ ತೆರೆದ ಆಕಾಶದ ಕೆಳಗೆ ಮಳೆಗೂ ಬಿಸಿಲಿಗೂ ಮೈಯೊಡ್ಡಿ ನಿಂತಿದೆ. ಮಳೆ ಮತ್ತು ಬಿಸಿಲು, ಈ ಎರಡರ ನಡುವೆ ಬದುಕುವುದೇ ನಮ್ಮ ಸೀಮೆಯ ಸಕಲ ಜೀವಿಗಳ ಪಾಡು. ಗಿಡಮರಗಳ ಪಾಡಂತೂ ಹೌದೇ ಹೌದು.

ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಸರಾಸರಿ ಸುಮಾರು 4000 ಮಿಲಿಮೀಟರ್ ಮಳೆ ಬೀಳುತ್ತದೆ. ಬಯಲುಸೀಮೆಯ ಚಿತ್ರದುರ್ಗಕ್ಕೆ ಇದರ ಆರರಲ್ಲೊಂದು ಪಾಲಿನ ಭಾಗ್ಯವೂ ಇಲ್ಲ. ಈ ಲೆಕ್ಕವನ್ನು ಕೇಳಿದವರು ನಮ್ಮ ಊರಿನಲ್ಲಿ ನೀರಿಗೆ ಕೊರತೆಯೆಂದರೆ ನಂಬಲಾರರು. ಆದರೆ ಮಳೆ ಎಷ್ಟು ಬೀಳುತ್ತದೆ ಎಂಬುದರಷ್ಟೇ ಮುಖ್ಯವಾದುದು ಅದು ಯಾವಾಗ ಬೀಳುತ್ತದೆ ಎಂಬುದು. ವರ್ಷದ ಮಳೆಯಲ್ಲಿ ನೂರಕ್ಕೆ ಎಂಬತ್ತು ಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳಲ್ಲಿ ಸುರಿದು ಮುಗಿಯುತ್ತದೆ. ಡಿಸೆಂಬರ್ ತಿಂಗಳಿನಿಂದ ಏಪ್ರಿಲ್ ತಿಂಗಳವರೆಗೆ ಆಕಾಶ ಬಹುಮಟ್ಟಿಗೆ ಬರಿದು. ಮಳೆಗಾಲದಲ್ಲಿ ದಡ ಮೀರುವ ಫಲ್ಗುಣಿಯು ಬೇಸಗೆಯಲ್ಲಿ ಬಂಡೆಗಳ ನಡುವಣ ಮಡುಗಳಾಗಿ ಒಡೆದು ಹೋಗುತ್ತದೆ.

ಮಳೆ ಬಂದ ನೀರಾದರೂ ನೆಲದಲ್ಲಿ ನಿಲ್ಲುವುದೇ ಎಂದರೆ ಅದೂ ಇಲ್ಲ. ನಮ್ಮದು ಮುರಕಲ್ಲಿನ ನೆಲ. ಹೊಸದಾಗಿ ಅಗೆದಾಗ ಕೊಡಲಿಯಿಂದ ಕಡಿಯಬಹುದಾದಷ್ಟು ಮೆತ್ತಗಿದ್ದು, ಗಾಳಿಬಿಸಿಲಿಗೆ ಬಿದ್ದ ಮೇಲೆ ಇಟ್ಟಿಗೆಯಂತೆ ಗಟ್ಟಿಯಾಗುವ ಕೆಂಪು ಕಲ್ಲು ಇದು. 1800–01ರಲ್ಲಿ ಮೈಸೂರು, ಕೆನರಾ, ಮಲಬಾರು ಪ್ರಾಂತ್ಯಗಳನ್ನು ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಎಂಬ ಸ್ಕಾಟ್‌ಲೆಂಡಿನ ವೈದ್ಯನು, 1807ರಲ್ಲಿ ಪ್ರಕಟವಾದ ತನ್ನ ಪ್ರವಾಸಗ್ರಂಥದಲ್ಲಿ ಈ ಕಲ್ಲಿಗೆ ‘ಲ್ಯಾಟರೈಟ್’ ಎಂದು ಹೆಸರಿಟ್ಟನು. ಲ್ಯಾಟಿನ್ ಭಾಷೆಯಲ್ಲಿ ಆ ಶಬ್ದದ ಮೂಲಾರ್ಥ ಇಟ್ಟಿಗೆ ಎಂದೇ. ಜೇನುಹುಟ್ಟಿನಂತೆ ತೂತುಗಳಿರುವ ಈ ನೆಲವು ಬಿದ್ದ ಮಳೆಯನ್ನು ಬೇಗ ಹೀರುತ್ತದೆ. ಹೀರಿದ್ದನ್ನು ಅಷ್ಟೇ ಬೇಗ ತಗ್ಗಿನ ತೋಡುಗಳಿಗೆ ಬಿಟ್ಟುಕೊಡುತ್ತದೆ. ಆದುದರಿಂದ ತಗ್ಗಿನ ತೋಟಗಳಲ್ಲಿ ಅಡಕೆ ನಳನಳಿಸುತ್ತಿರುವಾಗಲೇ ಮೇಲಿನ ಪದವುಗಳಲ್ಲಿ ಮುಳಿಹುಲ್ಲು ಒಣಗಿ ಹಳದಿಯಾಗಿರುತ್ತದೆ.

ಇದರ ಕಟು ಅನುಭವ ನಮ್ಮ ತಾಲ್ಲೂಕಿಗೆ 2019ರಲ್ಲಿ ಆಯಿತು. ಆ ವರ್ಷದ ಮೇ ತಿಂಗಳಲ್ಲಿ ಧರ್ಮಸ್ಥಳದಲ್ಲಿ ನೇತ್ರಾವತಿಯ ಹರಿವು ಕ್ಷೀಣಿಸಿ ನೀರಿಗೆ ಅಭಾವ ತಲೆದೋರಿತು. ಯಾತ್ರೆಯನ್ನು ಕೆಲವು ದಿನ ಮುಂದೂಡಬೇಕೆಂದು ಧರ್ಮಾಧಿಕಾರಿಗಳಾದ ಡಾ. ಡಿ. ವೀರೇಂದ್ರ ಹೆಗ್ಗಡೆಯವರು ಭಕ್ತರನ್ನು ಕೇಳಿಕೊಳ್ಳಬೇಕಾಯಿತು. ಮೂರು ತಿಂಗಳು ಕಳೆಯುವಷ್ಟರಲ್ಲಿ, ಆಗಸ್ಟ್‌ನಲ್ಲಿ, ಅದೇ ತಾಲ್ಲೂಕಿನ ಚಾರ್ಮಾಡಿಯ ತಪ್ಪಲಿನಲ್ಲಿ ಹೊಳೆಗಳು ಉಕ್ಕಿ ಮನೆ, ತೋಟ, ಸೇತುವೆಗಳಿಗೆ ಹಾನಿಯಾಯಿತು. ಒಂದೇ ವರ್ಷ, ಒಂದೇ ತಾಲ್ಲೂಕು. ಮೊದಲು ನೀರಿಲ್ಲವೆಂಬ ಕೂಗು, ಬಳಿಕ ನೀರು ಹೆಚ್ಚಾಯಿತೆಂಬ ಕೂಗು!

ಆ ಬೇಸಗೆಯಲ್ಲಿಯೇ ನನಗೂ ಒಂದು ಪಾಠವಾಯಿತು. ಸುಮಾರು ಮೂರು ದಶಕಗಳ ಕಾಲ ಮಕ್ಕಳಿಗೆ ಪಾಠ ಹೇಳಿ ನಿವೃತ್ತನಾದವನು ನಾನು. ವೇಣೂರಿನ ಸಮೀಪದ ಒಂದು ಗುಡ್ಡದ ಓರೆಯಲ್ಲಿ ಸಣ್ಣ ಮನೆ ಕಟ್ಟಿಸಿದೆ. ಮನೆಯ ಮುಂದೆ ಚಂದದ ತೋಟವೊಂದು ಇರಬೇಕೆಂಬುದು ನನ್ನ ಬಹುಕಾಲದ ಹಂಬಲ. ಪಟ್ಟಣದ ನರ್ಸರಿಯಿಂದ ಗುಲಾಬಿ, ಕ್ರೋಟನ್, ಬಣ್ಣದೆಲೆಯ ಗಿಡಗಳನ್ನು ತರಿಸಿದೆ. ನೆಲದಲ್ಲಿದ್ದ ಕೇಪುಳದ ಪೊದೆಗಳನ್ನೂ ಕುಂಟುನೇರಳೆಯ ಮೆಳೆಯನ್ನೂ ‘ಕಾಡುಗಿಡ’ಗಳೆಂದು ಬುಡಸಹಿತ ಕೀಳಿಸಿ, ಆ ಜಾಗದಲ್ಲಿ ಹತ್ತು ಮೀಟರ್ ಉದ್ದ, ಹತ್ತು ಮೀಟರ್ ಅಗಲದ ಹುಲ್ಲುಹಾಸನ್ನು ಮಾಡಿಸಿದೆ. ಮಳೆಗಾಲದಲ್ಲಿ ಅದು ಪಚ್ಚೆಯ ರತ್ನಗಂಬಳಿಯಂತೆ ಕಾಣುತ್ತಿತ್ತು. ನೋಡಿದವರು ಹೊಗಳಿದರು, ನಾನು ಹಿಗ್ಗಿದೆ.

ಬೇಸಗೆ ಬಂತು. ಕಂಬಳಿ ಕಂದತೊಡಗಿತು. ಬೆಳಗ್ಗೆ ಸಂಜೆ ಬಾವಿಯಿಂದ ಪಂಪಿನಲ್ಲಿ ನೀರೆತ್ತಿ ಹಾಯಿಸಿದೆ. ನಮ್ಮ ಬಾವಿಯ ನೀರನ್ನು ಬೇಸಗೆಯಲ್ಲಿ ನೆರೆಮನೆಯವರೂ ಒಯ್ಯುವುದು ಮೊದಲಿನಿಂದ ನಡೆದುಬಂದ ಪದ್ಧತಿ. ಅವರ ಮನೆಯ ಹುಡುಗಿ, ಆಗ ನಿಮ್ಮಂತೆಯೇ ಒಂಬತ್ತನೆಯ ತರಗತಿಯಲ್ಲಿ ಓದುತ್ತಿದ್ದವಳು, ದಿನವೂ ಆರು ಕೊಡ ನೀರು ಒಯ್ಯುತ್ತಿದ್ದಳು. ಏಪ್ರಿಲ್ ತಿಂಗಳ ಕೊನೆಯ ಒಂದು ಸಂಜೆ ನಾನು ಹುಲ್ಲಿಗೆ ನೀರು ಬಿಡುತ್ತಿದ್ದೆ. ಹುಡುಗಿ ಬಾವಿಕಟ್ಟೆಯ ಬಳಿ ಕೊಡಪಾನವನ್ನು ಎದುರಿಗಿಟ್ಟುಕೊಂಡು ಸುಮ್ಮನೆ ನಿಂತಿದ್ದಳು. “ಯಾಕಮ್ಮ, ನೀರು ಸೇದಿಕೊಳ್ಳುವುದಿಲ್ಲವೇ?” ಎಂದು ಕೇಳಿದೆ. “ನೀರು ಕಲಂಕಿದೆ ಸರ್, ತಿಳಿಯಾಗುವವರೆಗೆ ಕಾಯುತ್ತಿದ್ದೇನೆ” ಎಂದಳು. ನಾನು ಬಾವಿಗೆ ಬಗ್ಗಿ ನೋಡಿದೆ. ತಳದಲ್ಲಿ ಒಂದು ಮೊಳದಷ್ಟು ಕೆಸರು ನೀರು. ಪಂಪು ಅದನ್ನೂ ಎಳೆದು ಹುಲ್ಲಿಗೆ ಕುಡಿಸುತ್ತಿತ್ತು.

ಆ ಮಗು ನನ್ನನ್ನು ಒಂದು ಮಾತೂ ಆಡಲಿಲ್ಲ. ಆಡಿದ್ದರೆ ನನಗೆ ಇಷ್ಟು ನಾಚಿಕೆಯಾಗುತ್ತಿರಲಿಲ್ಲವೇನೋ! ಆ ರಾತ್ರಿ ಕಾಗದ ತೆಗೆದುಕೊಂಡು ಲೆಕ್ಕ ಹಾಕಿದೆ. ಬಿರುಬೇಸಗೆಯಲ್ಲಿ ಹುಲ್ಲುಹಾಸು ಹಸುರಾಗಿ ಉಳಿಯಬೇಕಾದರೆ ದಿನಕ್ಕೆ ಐದು ಮಿಲಿಮೀಟರಿನಷ್ಟಾದರೂ ನೀರು ಬೇಕು. ಒಂದು ಚದರ ಮೀಟರಿನ ಮೇಲೆ ನಿಂತ ಒಂದು ಮಿಲಿಮೀಟರ್ ನೀರೆಂದರೆ ಒಂದು ಲೀಟರ್. ನೂರು ಚದರ ಮೀಟರಿಗೆ ದಿನಕ್ಕೆ ಐನೂರು ಲೀಟರ್! ಹದಿನೈದು ಲೀಟರಿನ ಕೊಡಗಳಲ್ಲಿ ಅಳೆದರೆ ಮೂವತ್ತಮೂರು ಕೊಡ. ಒಂದು ಸಂಸಾರ ಆರು ಕೊಡ ನೀರಿಗಾಗಿ ಕಾದು ನಿಂತಿರುವಾಗ, ದನವೂ ಮೇಯದ ನನ್ನ ಹುಲ್ಲು ಮೂವತ್ತಮೂರು ಕೊಡಗಳನ್ನು ಕುಡಿಯುತ್ತಿತ್ತು.

ಮರುದಿನವೇ ಪಂಪನ್ನು ನಿಲ್ಲಿಸಿದೆ. ಹತ್ತು ದಿನಗಳಲ್ಲಿ ಹುಲ್ಲು ಸುಟ್ಟುಹೋಯಿತು, ಗುಲಾಬಿ ಕಡ್ಡಿಯಾಯಿತು. ಬೋಳಾದ ಅಂಗಳವನ್ನು ನೋಡುತ್ತ ಜಗಲಿಯಲ್ಲಿ ಕುಳಿತಿದ್ದಾಗ ಹುಡುಗಿಯ ಅಜ್ಜಿ ಬಂದರು. ಎಂಬತ್ತರ ಸಮೀಪದ ಅವರು ಊರಿಗೆಲ್ಲ ಅಜ್ಜಿಯೇ. ಬೇಲಿಯ ಆಚೆಗಿನ ಗುಡ್ಡವನ್ನು ತೋರಿಸಿ ತುಳುವಿನಲ್ಲಿ ಕೇಳಿದರು: “ಮಾಷ್ಟ್ರೇ, ಆ ಕೇಪುಳಕ್ಕೆ ನೀರು ಹೊಯ್ಯುವವರು ಯಾರು?”

ನಾನು ತಲೆಯೆತ್ತಿ ನೋಡಿದೆ. ಕಾದ ಮುರಕಲ್ಲಿನ ಸಂದಿನಲ್ಲಿ, ಒಂದು ಹನಿ ನೀರು ಕಾಣದ ಎಡೆಯಲ್ಲಿ, ಕೇಪುಳದ ಪೊದೆಯೊಂದು ಮೈತುಂಬ ಕೆಂಪು ಗೊಂಚಲುಗಳನ್ನು ಹೊತ್ತು ನಿಂತಿತ್ತು. ಅದರ ಜಾತಿಯನ್ನೇ ನಾನು ಅಂಗಳದಿಂದ ಕೀಳಿಸಿದ್ದೆ. ‘ಹಿತ್ತಲ ಗಿಡ ಮದ್ದಲ್ಲ’ ಎಂಬ ಗಾದೆಯನ್ನು ನಾನು ಎಷ್ಟು ವರ್ಷ ಮಕ್ಕಳಿಗೆ ವಿವರಿಸಿದ್ದೆನೋ! ಅದರ ಅರ್ಥ ತಿಳಿದುದು ಮಾತ್ರ ಅಂದು.

ಆ ಪೊದೆಗೆ ನೀರು ಹೊಯ್ಯುವವರು ಯಾರು? ಈ ಪ್ರಶ್ನೆಯನ್ನು ಹಿಡಿದು ನಾನು ಮತ್ತೆ ವಿದ್ಯಾರ್ಥಿಯಾದೆ. ಗಿಡವು ಬೇರಿನಿಂದ ಹೀರಿದ ನೀರಿನಲ್ಲಿ ಬಹುಭಾಗವು ಎಲೆಗಳ ಸೂಕ್ಷ್ಮ ರಂಧ್ರಗಳ ಮೂಲಕ ಆವಿಯಾಗಿ ಹೋಗುತ್ತದೆ. ಇದಕ್ಕೆ ಬಾಷ್ಪವಿಸರ್ಜನೆ ಎಂದು ಹೆಸರು. ನೀರಿನ ಆದಾಯ ಕಡಿಮೆಯಾದಾಗ ಈ ವೆಚ್ಚವನ್ನು ಹಿಡಿತದಲ್ಲಿಡುವ ಗಿಡವೇ ಬೇಸಗೆಯನ್ನು ದಾಟುತ್ತದೆ. ಒಂದೊಂದು ಗಿಡ ಇದಕ್ಕೆ ಒಂದೊಂದು ಉಪಾಯವನ್ನು ಕಂಡುಕೊಂಡಿದೆ.

ಕೇಪುಳ, ಕರಂಡೆ, ರೆಂಜೆಗಳ ಎಲೆ ದಪ್ಪ. ಮೇಲ್ಮೈಯಲ್ಲಿ ಮೇಣದಂತಹ ಹೊಳಪು. ಅಲ್ಲಿಂದ ನೀರು ಸುಲಭವಾಗಿ ಹೊರಬೀಳದು. ಇವು ಮಿತವ್ಯಯಿಗಳು. ಕಕ್ಕೆ, ಮುತ್ತುಗಗಳ ರೀತಿ ಬೇರೆ. ಅವು ಬೇಸಗೆ ಮುಖ ತೋರಿದೊಡನೆ ಎಲೆಗಳನ್ನೇ ಉದುರಿಸಿಬಿಡುತ್ತವೆ. ಎಲೆಯಿಲ್ಲದಿದ್ದರೆ ವೆಚ್ಚವೂ ಇಲ್ಲ. ಆ ಬರಿಯ ಕೊಂಬೆಗಳಲ್ಲಿಯೇ ಮುತ್ತುಗವು ಕೆಂಡದಂತಹ ಹೂಗಳನ್ನೂ, ಬಿಸು ಹಬ್ಬದ ಹೊತ್ತಿಗೆ ಕಕ್ಕೆಯು ಹೊನ್ನಿನ ಸರಗಳನ್ನೂ ತೊಡುತ್ತವೆ. ಗೌರಿಹೂ ಅಥವಾ ಅಗ್ನಿಶಿಖೆಯೆಂಬ ಬಳ್ಳಿಯು ಇನ್ನೂ ಜಾಣತನದ್ದು. ಮಳೆ ನಿಂತ ಮೇಲೆ ಅದು ನೆಲದ ಮೇಲಿನ ಮೈಯನ್ನೇ ತೊರೆದು ಗಡ್ಡೆಯಾಗಿ ಮಣ್ಣಿನೊಳಗೆ ಮಲಗಿಬಿಡುತ್ತದೆ. ಮುಂದಿನ ಮಳೆಗೆ ಏಳುತ್ತದೆ. (ಈ ಗಡ್ಡೆ ಘೋರ ವಿಷವಾದುದರಿಂದ ಮಕ್ಕಳಿರುವ ಮನೆಯಲ್ಲಿ ಬೆಳೆಯದಿರುವುದು ಲೇಸು.) ಲಾವಂಚದ ಬೇರುಗಳು ಮೂರು ಮೀಟರ್ ಆಳಕ್ಕೂ ನೇರವಾಗಿ ಇಳಿಯಬಲ್ಲವು, ನೀರನ್ನು ಹುಡುಕುವುದರೊಡನೆ ಮಣ್ಣನ್ನೂ ಅವು ಹಿಡಿದಿಡುತ್ತವೆ. ಮಿತವ್ಯಯ, ತ್ಯಾಗ, ಅಡಗುವಿಕೆ, ಆಳದ ಅನ್ವೇಷಣೆ ಎಂಬ ಈ ನಾಲ್ಕು ಉಪಾಯಗಳಿಂದಲೇ ಗುಡ್ಡದ ಗಿಡಗಳು ನಮ್ಮ ಹಂಗಿಲ್ಲದೆ ಬದುಕಿವೆ.

ಹಾಗಾದರೆ ಮನೆಯಂಗಳಕ್ಕೆ ಗಿಡವನ್ನು ಆರಿಸುವುದು ಹೇಗೆ? ನಾಡಿನದೆಂಬ ಒಂದೇ ಗುಣ ಸಾಲದು. ಬರವನ್ನು ತಡೆಯುತ್ತದೆಂಬ ಒಂದೇ ಗುಣವೂ ಸಾಲದು. ಬೈನೆಮರ ನಮ್ಮ ನಾಡಿನದೇ. ಆದರೆ ಅದಕ್ಕೆ ತಂಪಿನ ಕಣಿವೆ ಬೇಕು, ಕಾದ ಪದವಿನಲ್ಲಿ ಅದು ಏಳಲಾರದು. ಇನ್ನೊಂದು ಕಡೆ, ಆಸ್ಟ್ರೇಲಿಯಾ ಕಡೆಯಿಂದ ಬಂದ ಅಕೇಶಿಯಾ ಬರವನ್ನು ಚೆನ್ನಾಗಿ ತಡೆಯುತ್ತದೆ. ಆದರೆ ಬೇಗ ಹೆಮ್ಮರವಾಗಿ ಬೆಳೆದು, ದಪ್ಪನಾಗಿ ಬೀಳುವ ತನ್ನ ತರಗಿನಡಿಯಲ್ಲಿ ಬೇರೆ ಸಸಿ ಏಳಗೊಡದು. ಅಮೆರಿಕ ಖಂಡದಿಂದ ಬಂದು ನಮ್ಮ ಗುಡ್ಡಗಳನ್ನು ಆಕ್ರಮಿಸಿದ ಕಮ್ಯುನಿಸ್ಟ್ ಗಿಡಕ್ಕೂ ಲಂಟಾನಕ್ಕೂ ಬಿಸಿಲೆಂದರೆ ಲೆಕ್ಕವೇ ಇಲ್ಲ. ಹಾಗೆಂದು ಹೊರಗಿನಿಂದ ಬಂದುದೆಲ್ಲ ಕೆಟ್ಟದೆಂದು ತಿಳಿಯಬಾರದು. ಪೋರ್ಚುಗೀಸರ ಮೂಲಕ ಬ್ರೆಜಿಲ್ ದೇಶದಿಂದ ಬಂದ ಗೇರು ಇಂದು ಕರಾವಳಿಯ ಬಡವರ ಬಂಧು. ನಮ್ಮ ಅಡುಗೆಯ ಮೆಣಸಿನಕಾಯಿಯೂ ಹೊರಗಿನಿಂದಲೇ ಬಂದದ್ದು. ಆದುದರಿಂದ ಯಾವ ಗಿಡವನ್ನಾಗಲಿ ಮೂರು ಪ್ರಶ್ನೆಗಳಿಂದ ಪರೀಕ್ಷಿಸಬೇಕು: ಇದು ಇಲ್ಲಿಯ ಮಣ್ಣಿನಲ್ಲಿ ತಾನಾಗಿ ಬೆಳೆಯುತ್ತದೆಯೇ? ಏಪ್ರಿಲ್ ತಿಂಗಳ ಬಿಸಿಲನ್ನು ನೀರಿಲ್ಲದೆ ದಾಟುತ್ತದೆಯೇ? ಇದರಿಂದ ಹಕ್ಕಿ, ಚಿಟ್ಟೆ, ದುಂಬಿಗಳಿಗೂ ನಮಗೂ ಉಪಯೋಗವಿದೆಯೇ? ಮೂರಕ್ಕೂ ‘ಹೌದು’ ಎಂಬ ಉತ್ತರ ಬಂದ ಗಿಡಕ್ಕೆ ಅಂಗಳದಲ್ಲಿ ಮೊದಲ ಮಣೆ ಹಾಕಬೇಕು.

ಈ ಪ್ರಶ್ನೆಗಳಿಗೆ ಉತ್ತರ ಪುಸ್ತಕದಲ್ಲಿ ಸಿಗುವುದಕ್ಕಿಂತ ಮೊದಲು ಊರಿನ ಗುಡ್ಡದಲ್ಲಿ ಸಿಗುತ್ತದೆ. ಮಾರ್ಚ್, ಏಪ್ರಿಲ್ ತಿಂಗಳಲ್ಲಿ ಪದವಿನ ಮೇಲೆ ಒಮ್ಮೆ ಸುತ್ತಾಡಿ, ಹಸುರಾಗಿ ನಿಂತ ಗಿಡಗಳನ್ನು ಗುರುತು ಹಾಕಿಕೊಂಡರಾಯಿತು. ತುಳುನಾಡಿನ ನಾಗಬನಗಳೂ ಒಳ್ಳೆಯ ಪಾಠಶಾಲೆಗಳು. ಕೊಡಲಿ ತಾಗಬಾರದೆಂಬ ನಂಬಿಕೆಯಿಂದ ಹಿರಿಯರು ಉಳಿಸಿಕೊಂಡು ಬಂದ ಹಳೆಯ ಬನಗಳಲ್ಲಿ ಊರಿನ ಮೂಲ ಸಸ್ಯಸಂಪತ್ತನ್ನು ಇಂದಿಗೂ ಕಾಣಬಹುದು. ಬನವನ್ನು ಕಡಿದು ಸಿಮೆಂಟಿನ ಕಟ್ಟೆ ಕಟ್ಟಿದ ಕಡೆಗಳಲ್ಲಿ ಆ ಪಾಠಶಾಲೆ ಮುಚ್ಚಿತೆಂದೇ ಹೇಳಬೇಕು. ಮಂಗಳೂರಿನ ಬಳಿಯ ಪಿಲಿಕುಳ ನಿಸರ್ಗಧಾಮದಲ್ಲಿ ಪಶ್ಚಿಮಘಟ್ಟದ ಮರಗಳನ್ನು ಹೆಸರು ಸಹಿತ ನೋಡುವ ಅವಕಾಶವಿದೆ. ಈ ಬಗೆಯ ಅರಿವು ನಮ್ಮ ಕರಾವಳಿಗೆ ಹೊಸದಲ್ಲ. ಡಚ್ಚರ ಅಧಿಕಾರಿ ವಾನ್ ರೀಡ್ ಎಂಬಾತನು 1678ರಿಂದ 1693ರವರೆಗೆ ಹನ್ನೆರಡು ಸಂಪುಟಗಳಲ್ಲಿ ಹೊರಬಂದ ‘ಹೊರ್ಟಸ್ ಮಲಬಾರಿಕಸ್’ ಎಂಬ ಗ್ರಂಥವನ್ನು ಸಿದ್ಧಪಡಿಸಿದಾಗ, ಅವನಿಗೆ ಗಿಡಗಳ ಗುಣವನ್ನು ತಿಳಿಸಿದವರಲ್ಲಿ ಇಟ್ಟಿ ಅಚ್ಯುತನ್ ಎಂಬ ನಾಟಿವೈದ್ಯನು ಪ್ರಮುಖನಾಗಿದ್ದನು. ಹಿತ್ತಲ ಗಿಡದ ಬೆಲೆಯನ್ನು ಹೊರಗಿನವನು ಬರೆದಿಟ್ಟನು, ತಿಳಿಸಿಕೊಟ್ಟವನು ಹಿತ್ತಲಿನವನೇ.

ಇನ್ನು ನನ್ನ ಅಂಗಳದ ಗಿಡಗಳ ಮಾತು. ಬೇಲಿಯ ಉದ್ದಕ್ಕೂ ಲಕ್ಕಿಯನ್ನೂ ಕರಂಡೆಯನ್ನೂ ನೆಟ್ಟೆ. ಲಕ್ಕಿಯ ಸೊಪ್ಪನ್ನು ದನ ತಿನ್ನದು. ಹಿರಿಯರು ಅದನ್ನು ಕಾಳಿನ ನಡುವೆ ಇಟ್ಟು ಹುಳುವನ್ನು ದೂರವಿಡುತ್ತಿದ್ದರು. ಕರಂಡೆಯನ್ನು ಘಟ್ಟದ ಮೇಲಿನವರು ಕವಳಿಯೆನ್ನುತ್ತಾರೆ. ಅದರ ಮುಳ್ಳು ಬೇಲಿಗೆ ಕಾವಲು, ಅದರ ಮಿಡಿ ಉಪ್ಪಿನಕಾಯಿಗೆ ರುಚಿ. ಹುಲ್ಲುಹಾಸಿದ್ದ ಎಡೆಯಲ್ಲಿ ಕೇಪುಳ ಮತ್ತು ಕುಂಟುನೇರಳೆ ಮರಳಿ ಬಂದವು. ಕೇಪುಳದ ಹೂ ದೈವದೇವರುಗಳ ಪೂಜೆಗೆ ಸಲ್ಲುತ್ತದೆ. ಅದರ ಹಣ್ಣನ್ನು ಮಕ್ಕಳೂ ಹಕ್ಕಿಗಳೂ ಪೈಪೋಟಿಯಿಂದ ತಿನ್ನುತ್ತಾರೆ. ಮನೆಯ ಪಡುವಲಿಗೆ ಬಿಸಿಲನ್ನು ತಡೆಯಲು ರೆಂಜೆಯ ಮರ. ಗ್ರಂಥಗಳಲ್ಲಿ ಬಕುಳವೆಂದು ಹೆಸರಾದ ಈ ಮರದ ಹೂ ಒಣಗಿದ ಮೇಲೂ ಪರಿಮಳವನ್ನು ಬಿಡುವುದಿಲ್ಲ. ಹಿತ್ತಲಿಗೆ ಪುನರ್ಪುಳಿ. ಬೇಸಗೆಯಲ್ಲಿ ನಮ್ಮ ಬಾಯಾರಿಕೆಯನ್ನು ತಣಿಸುವ ಅದರ ಹಣ್ಣಿನ ಕೆಂಪು ಶರಬತ್ತನ್ನು ಕರಾವಳಿಯಲ್ಲಿ ಕುಡಿಯದವರು ಯಾರು? ಪುನರ್ಪುಳಿಯಲ್ಲಿ ಗಂಡು ಮರ, ಹೆಣ್ಣು ಮರ ಬೇರೆ ಬೇರೆ. ಬೀಜದಿಂದೆದ್ದ ಒಂದೇ ಸಸಿಯನ್ನು ನೆಟ್ಟು ಅದು ಗಂಡಾದರೆ ಹಣ್ಣಿಲ್ಲ. ಆದುದರಿಂದ ನಾಲ್ಕಾರು ಸಸಿಗಳನ್ನು ನೆಡಬೇಕು, ಇಲ್ಲವೇ ಕಸಿ ಗಿಡವನ್ನು ತರಬೇಕು.

ಜಗಲಿಯ ಚಪ್ಪರಕ್ಕೆ ಮಾಧವೀಲತೆಯನ್ನು ಹಬ್ಬಿಸಿದೆ. ಇದರ ವಿಷಯದಲ್ಲಿ ಒಂದು ಮಾತನ್ನು ಹೇಳದಿರಲಾರೆ. ಬಾಹುಬಲಿಯ ಮೂರ್ತಿಗಳಲ್ಲಿ ಕಾಲು ತೋಳುಗಳನ್ನು ಸುತ್ತಿ ಹಬ್ಬಿದ ಬಳ್ಳಿಯೊಂದನ್ನು ಕೆತ್ತಿರುವುದನ್ನು ನೀವು ಕಂಡಿರಬಹುದು. ಅದನ್ನು ಮಾಧವೀಲತೆಯೆಂದೇ ಹೇಳುವುದು ವಾಡಿಕೆ. ತಪಸ್ಸಿಗೆ ನಿಂತವನ ಮೈಗೆ ಯಾರೂ ನೀರೆರೆಯದಿದ್ದರೂ ಹಬ್ಬಿದ ಆ ಬಳ್ಳಿ ನಿಜವಾಗಿಯೂ ಗಟ್ಟಿ ಜೀವದ್ದು. ಒಮ್ಮೆ ಬೇರೂರಿತೆಂದರೆ ಬೇಸಗೆಗೆ ಬೆದರದು. ಬಿಸಿಲು ಏರುವ ದಿನಗಳಲ್ಲಿಯೇ ಬಿಳಿ ಹೂಗಳನ್ನು ಬಿಟ್ಟು ಕಂಪನ್ನು ಸೂಸುತ್ತದೆ. ಶಿಲ್ಪಿಗೆ ಗೊತ್ತಿದ್ದ ಈ ಗಿಡದ ನೆನಪೇ ನನಗೆ, ಗೊಮ್ಮಟನ ಊರಿನಲ್ಲಿದ್ದುಕೊಂಡೂ, ಬಂದಿರಲಿಲ್ಲ!

ಬರವನ್ನು ತಡೆಯುವ ಗಿಡವೆಂದ ಮಾತ್ರಕ್ಕೆ ನೆಟ್ಟು ಮರೆತುಬಿಡಬಹುದೆಂದು ಭಾವಿಸಬಾರದು. ಗುಡ್ಡದ ಕೇಪುಳಕ್ಕೆ ನೀರು ಬೇಡವೆಂದರೆ, ಅದರ ಬೇರು ವರ್ಷಗಳ ಕಾಲ ಕಲ್ಲಿನ ಬಿರುಕುಗಳಲ್ಲಿ ಇಳಿದು ತನ್ನ ದಾರಿಯನ್ನು ಕಂಡುಕೊಂಡಿದೆ ಎಂದು ಅರ್ಥ. ಎಳೆಯ ಸಸಿಗೆ ಆ ದಾರಿ ಇನ್ನೂ ತಿಳಿದಿರುವುದಿಲ್ಲ. ಮುಂಗಾರಿನ ಮೊದಲ ಮಳೆಗಳು ಬಿದ್ದೊಡನೆ ಸಸಿಯನ್ನು ನೆಡಬೇಕು. ಮುರಕಲ್ಲನ್ನು ಎರಡಡಿ ಆಳ, ಎರಡಡಿ ಅಗಲಕ್ಕೆ ಪಿಕ್ಕಾಸಿನಿಂದ ಕಡಿದು, ಗುಂಡಿಯನ್ನು ಮೇಲ್ಮಣ್ಣು, ಸುಡುಮಣ್ಣು, ಹಟ್ಟಿಗೊಬ್ಬರಗಳಿಂದ ತುಂಬಿಸಬೇಕು. ಮಳೆನೀರು ನಿಂತು ಬೇರು ಕೊಳೆಯದಂತೆ ಬುಡವನ್ನು ತುಸು ಎತ್ತರಿಸಬೇಕು. ಮಳೆ ನಿಂತ ಮೇಲೆ ಬುಡದ ಸುತ್ತ ತರಗೆಲೆಯ ದಪ್ಪ ಹೊದಿಕೆ ಹಾಕಿದರೆ ಮಣ್ಣಿನ ಪಸೆ ಬೇಗ ಆರದು. ಮೊದಲಿನ ಎರಡು ಬೇಸಗೆ ಮಾತ್ರ ಸ್ವಲ್ಪ ಸ್ವಲ್ಪ ನೀರು ಕೊಡಬೇಕು. ಇದಕ್ಕೆ ಹಿಂದಿನವರ ಒಂದು ಉಪಾಯ ಸೊಗಸಾದುದು: ತಳದಲ್ಲಿ ಸಣ್ಣ ತೂತಿರುವ ಮಣ್ಣಿನ ಮಡಕೆಗೆ ಬಟ್ಟೆಯ ಬತ್ತಿ ತೂರಿಸಿ ಸಸಿಯ ಪಕ್ಕದಲ್ಲಿ ಹೂಳುವುದು. ಮಡಕೆಯ ನೀರು ತೊಟ್ಟು ತೊಟ್ಟಾಗಿ ಬೇರಿಗೆ ಇಳಿಯುತ್ತದೆ. ಬಿಸಿಲಿಗೆ ಆರಿಹೋಗುವುದು ಕಡಿಮೆ. ದಿನದಿನವೂ ಮೇಲೆ ಮೇಲೆ ನೀರು ಚಿಮುಕಿಸಿದ ಗಿಡದ ಬೇರು ಮೇಲೆಯೇ ಹರಡಿ ಸೋಮಾರಿಯಾಗುತ್ತದೆ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ? ಚಿಕ್ಕಂದಿನಲ್ಲಿ ಆಳಕ್ಕಿಳಿಯಲು ಕಲಿಯದ ಬೇರು ಮುಂದೆ ಕಲಿಯುವುದಿಲ್ಲ.

ನಾನು ಮಾಡಿದ ಇನ್ನೊಂದು ತಪ್ಪನ್ನೂ ಒಪ್ಪಿಕೊಳ್ಳುತ್ತೇನೆ. ಬೇಗ ತೋಟವಾಗಲೆಂಬ ಆತುರದಿಂದ ಗುಡ್ಡದಲ್ಲಿ ಬೆಳೆದಿದ್ದ ಸುರಗಿಯ ಗಿಡವೊಂದನ್ನು ಕಿತ್ತು ತಂದು ನೆಟ್ಟೆ. ತಾಯಿಬೇರು ತುಂಡಾದ ಅದು ತಿಂಗಳೊಳಗೆ ಒಣಗಿತು. ಗುಡ್ಡಕ್ಕೂ ಇಲ್ಲ, ಅಂಗಳಕ್ಕೂ ಇಲ್ಲ! ಕಾಡಿನಿಂದ ತರಬೇಕಾದುದು ಬೀಜವನ್ನು, ಗಿಡವನ್ನಲ್ಲ. ಪುನರ್ಪುಳಿ, ಕರಂಡೆಗಳ ಬೀಜವನ್ನು ಹಣ್ಣಿನಿಂದ ತೆಗೆದೊಡನೆ ಬಿತ್ತಬೇಕು. ಒಣಗಿಸಿಟ್ಟರೆ ಅವು ಮೊಳೆಯಲಾರವು. ಕಕ್ಕೆಯ ಬೀಜದ ಸಿಪ್ಪೆ ಗಟ್ಟಿ. ಉಜ್ಜಿ ಅಥವಾ ಬಿಸಿನೀರಿನಲ್ಲಿ ನೆನೆಹಾಕಿ ಬಿತ್ತಬೇಕು. ಕೇಪುಳ, ಲಕ್ಕಿಗಳು ಗೆಲ್ಲನ್ನು ನೆಟ್ಟರೂ ಚಿಗುರುತ್ತವೆ.

ತೋಟಕ್ಕೆ ನೀರು ಉಳಿಸಿದರೆ ಸಾಲದು, ಬಾವಿಗೆ ನೀರನ್ನು ಮರಳಿಸಲೂ ಬೇಕು. ನೂರು ಚದರ ಮೀಟರಿನ ಮಾಡಿನ ಮೇಲೆ ನಮ್ಮ ಊರಿನಲ್ಲಿ ಒಂದು ವರ್ಷಕ್ಕೆ ಬೀಳುವ ಮಳೆ ನಾಲ್ಕು ಲಕ್ಷ ಲೀಟರ್. ಅದೆಲ್ಲ ಅಂಗಳದಿಂದ ತೋಡಿಗೆ, ತೋಡಿನಿಂದ ಹೊಳೆಗೆ, ಹೊಳೆಯಿಂದ ಕಡಲಿಗೆ ಹೋಗುತ್ತಿತ್ತು. ಅಂಗಳದ ಓರೆಯಲ್ಲಿ ಎರಡು ಇಂಗುಗುಂಡಿಗಳನ್ನು ತೆಗೆದು ಅವುಗಳ ದಂಡೆಯಲ್ಲಿ ಲಾವಂಚವನ್ನು ನೆಟ್ಟೆ. ಈಗ ಮಣ್ಣು ಕೊಚ್ಚಿಹೋಗದು. ನೀರೂ ಓಡದೆ ಇಂಗುತ್ತದೆ.

ನನ್ನ ತೋಟ ಈಗ ಚಿತ್ರದಲ್ಲಿ ಕಾಣುವ ತೋಟದಂತೆ ಇಲ್ಲ. ನೆಟ್ಟವುಗಳಲ್ಲಿ ಮೂರರಲ್ಲೊಂದು ಪಾಲು ಸತ್ತವು. ಸತ್ತಲ್ಲಿ ಮತ್ತೆ ನೆಟ್ಟೆ. ರೆಂಜೆ ನಿಧಾನವಾಗಿ ಬೆಳೆಯುತ್ತಿದೆ. ಅದರ ನೆರಳು ನನಗಿಂತ ಮೊಮ್ಮಕ್ಕಳಿಗೆ ಸಿಕ್ಕೀತು. ಬೇಸಗೆಯಲ್ಲಿ ಕೆಲವು ಗಿಡಗಳು ಎಲೆಯುದುರಿಸಿ ಬೋಳಾಗುತ್ತವೆ. ಮೊದಲಾದರೆ ಅದನ್ನು ಕಂಡು ಅಯ್ಯೋ ಎನ್ನುತ್ತಿದ್ದೆ. ಈಗ ಅದು ಸಾವಲ್ಲ, ಸಂಯಮ ಎಂದು ಅರಿತಿದ್ದೇನೆ. ಕುಂಟುನೇರಳೆ ಹಣ್ಣಾದಾಗ ಪಿಕಳಾರ ಹಕ್ಕಿಗಳು ಹಿಂಡಾಗಿ ಬರುತ್ತವೆ. ಏಪ್ರಿಲ್ ಕೊನೆಯಲ್ಲಿ ಬಾವಿಗೆ ಬಗ್ಗಿ ನೋಡಿದರೆ ತಳದಲ್ಲಿ ತಿಳಿನೀರು ಕಾಣುತ್ತದೆ. ಅದು ಎರಡು ಮನೆಗಳಿಗೆ ಸಾಕಾಗುವಷ್ಟಿದೆ.

ಅಂದು ಬಾವಿಕಟ್ಟೆಯ ಬಳಿ ಕಾದು ನಿಂತ ಹುಡುಗಿ ಈಗ ಬೆಳೆದು ದೊಡ್ಡವಳಾಗಿದ್ದಾಳೆ. ಪ್ರತಿ ಜೂನ್ ತಿಂಗಳಲ್ಲಿ ಬಂದು, ನಾನು ಬೀಜ ಹಾಕಿ ಎಬ್ಬಿಸಿದ ಸಸಿಗಳನ್ನು ಊರಿನ ಮಕ್ಕಳಿಗೆ ಹಂಚಲು ಒಯ್ಯುತ್ತಾಳೆ. ಕಳೆದ ಬಾರಿ ಕೇಪುಳದ ಸಸಿಯೊಂದನ್ನು ಕೈಯಲ್ಲಿ ಹಿಡಿದ ಸಣ್ಣ ಹುಡುಗನೊಬ್ಬನು, “ಇದಕ್ಕೆ ದಿನವೂ ನೀರು ಹೊಯ್ಯಬೇಕೇ ಅಕ್ಕ?” ಎಂದು ಅವಳನ್ನು ಕೇಳಿದನು. “ಎರಡು ಬೇಸಗೆ ನೀನು ನೋಡಿಕೋ, ಆಮೇಲೆ ಅದೇ ನೋಡಿಕೊಳ್ಳುತ್ತದೆ” ಎಂದಳು ಅವಳು. ನಾನು ಇಷ್ಟು ಹೊತ್ತು ನಿಮಗೆ ಹೇಳಿದ ಪಾಠವನ್ನು ಅವಳು ಒಂದೇ ಮಾತಿನಲ್ಲಿ ಮುಗಿಸಿದ್ದಳು.

ಶಬ್ದಾರ್ಥ

ಪದವು – ಗುಡ್ಡದ ಮೇಲಿನ ಸಮತಟ್ಟಾದ ಕಲ್ಲುನೆಲ
ಮುರಕಲ್ಲು – ಕರಾವಳಿಯಲ್ಲಿ ಮನೆ ಕಟ್ಟಲು ಬಳಸುವ ತೂತುಗಳುಳ್ಳ ಕೆಂಪು ಕಲ್ಲು
ಮುಳಿಹುಲ್ಲು – ಹಿಂದೆ ಮಾಡು ಹೊದಿಸಲು ಬಳಸುತ್ತಿದ್ದ ಹುಲ್ಲು
ತೋಡು – ಸಣ್ಣ ಹಳ್ಳ
ಮಡು – ನದಿಯಲ್ಲಿ ನೀರು ನಿಲ್ಲುವ ಆಳವಾದ ಗುಂಡಿ
ಕೊಡಪಾನ – ನೀರಿನ ಕೊಡ
ಕಲಂಕು – ಕದಡು, ರಾಡಿಯಾಗು
ಮೆಳೆ – ಒತ್ತಾದ ಪೊದೆ
ಮಾಡು – ಮನೆಯ ಛಾವಣಿ
ಪಸೆ – ತೇವ
ಗೆಲ್ಲು – ಗಿಡದ ರೆಂಬೆ
ಸುಡುಮಣ್ಣು – ಕಸಕಡ್ಡಿಗಳೊಡನೆ ಸುಟ್ಟು ಸಿದ್ಧಪಡಿಸಿದ ಮಣ್ಣು

ಅಭ್ಯಾಸ

ಅ) ಒಂದೊಂದು ವಾಕ್ಯದಲ್ಲಿ ಉತ್ತರಿಸಿ.
1. ವೇಣೂರಿನ ಗೊಮ್ಮಟಮೂರ್ತಿಯನ್ನು ಯಾರು, ಯಾವಾಗ ಪ್ರತಿಷ್ಠಾಪಿಸಿದರು?
2. ‘ಲ್ಯಾಟರೈಟ್’ ಎಂಬ ಹೆಸರನ್ನು ಕೊಟ್ಟವರು ಯಾರು?
3. ಬಾಷ್ಪವಿಸರ್ಜನೆ ಎಂದರೇನು?
4. ಪುನರ್ಪುಳಿಯ ಒಂದೇ ಸಸಿಯನ್ನು ಏಕೆ ನೆಡಬಾರದು?

ಆ) ಮೂರು ನಾಲ್ಕು ವಾಕ್ಯಗಳಲ್ಲಿ ಉತ್ತರಿಸಿ.
1. ಹೆಚ್ಚು ಮಳೆ ಬಿದ್ದರೂ ವೇಣೂರಿನ ಸುತ್ತ ಬೇಸಗೆಯಲ್ಲಿ ನೀರಿಗೆ ಕೊರತೆಯಾಗಲು ಕಾರಣಗಳೇನು?
2. ಲೇಖಕರು ಪಂಪನ್ನು ನಿಲ್ಲಿಸಿದುದು ಏಕೆ?
3. ಎಳೆಯ ಸಸಿಗೆ ದಿನವೂ ಮೇಲೆ ಮೇಲೆ ನೀರು ಚಿಮುಕಿಸುವುದರಿಂದ ಆಗುವ ಕೇಡೇನು?

ಇ) ವಿವರವಾಗಿ ಉತ್ತರಿಸಿ.
1. ನಮ್ಮ ಗುಡ್ಡದ ಗಿಡಗಳು ಬೇಸಗೆಯನ್ನು ಎದುರಿಸುವ ನಾಲ್ಕು ಉಪಾಯಗಳನ್ನು ಉದಾಹರಣೆಗಳೊಡನೆ ವಿವರಿಸಿ.
2. ಮನೆಯಂಗಳಕ್ಕೆ ಗಿಡಗಳನ್ನು ಆರಿಸುವಾಗ ಕೇಳಿಕೊಳ್ಳಬೇಕಾದ ಮೂರು ಪ್ರಶ್ನೆಗಳಾವುವು? ಅವುಗಳ ಅಗತ್ಯವನ್ನು ಚರ್ಚಿಸಿ.

ಈ) ಸಂದರ್ಭ ಸೂಚಿಸಿ ವಿವರಿಸಿ.
1. “ನೀರು ಕಲಂಕಿದೆ ಸರ್, ತಿಳಿಯಾಗುವವರೆಗೆ ಕಾಯುತ್ತಿದ್ದೇನೆ.”
2. “ಮಾಷ್ಟ್ರೇ, ಆ ಕೇಪುಳಕ್ಕೆ ನೀರು ಹೊಯ್ಯುವವರು ಯಾರು?”

ಉ) ಭಾಷಾಭ್ಯಾಸ
1. ಬಿಡಿಸಿ ಸಂಧಿಯ ಹೆಸರನ್ನು ತಿಳಿಸಿ: ಮಳೆಗಾಲ, ನೀರಿಲ್ಲ, ಗಿಡವನ್ನು.
2. ವಿಗ್ರಹಿಸಿ ಸಮಾಸದ ಹೆಸರನ್ನು ತಿಳಿಸಿ: ಹೆಮ್ಮರ, ಬಾವಿಕಟ್ಟೆ, ಮೇಲ್ಮಣ್ಣು.
3. ‘ಹಿತ್ತಲ ಗಿಡ ಮದ್ದಲ್ಲ’ ಎಂಬ ಗಾದೆಯನ್ನು ವಿಸ್ತರಿಸಿ ಬರೆಯಿರಿ.

ಊ) 1. ನಿಮ್ಮ ಊರಿನಲ್ಲಿ ಏಪ್ರಿಲ್ ತಿಂಗಳಿನಲ್ಲಿಯೂ ನೀರಿಲ್ಲದೆ ಹಸುರಾಗಿರುವ ಐದು ಗಿಡಗಳನ್ನು ಗುರುತಿಸಿ, ಹಿರಿಯರಿಂದ ಅವುಗಳ ಹೆಸರು ಮತ್ತು ಉಪಯೋಗಗಳನ್ನು ಕೇಳಿ ಬರೆದುಕೊಳ್ಳಿ.
2. ನಿಮ್ಮ ಶಾಲೆಯ ಮಾಡಿನ ಮೇಲೆ ಒಂದು ವರ್ಷಕ್ಕೆ ಎಷ್ಟು ಲೀಟರ್ ಮಳೆನೀರು ಬೀಳುತ್ತದೆಂದು ಲೆಕ್ಕ ಹಾಕಿ.
3. ಗಿಡಮರಗಳ ಬದುಕನ್ನು ಇನ್ನಷ್ಟು ತಿಳಿಯಬಯಸುವವರು ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ ಎಂಬ ಕೃತಿಯನ್ನು ಗ್ರಂಥಾಲಯದಿಂದ ಪಡೆದು ಓದಿ.